ರಿಪೋರ್ಟ್ ಸರಿ ಇದೆ, ಅಮ್ಮನ ನೋವು ಮಾತ್ರ ಇಳಿದಿಲ್ಲ. ನಿಮ್ಮ ಅನುಭವ ಹೇಳಿ

ಕೇಳಿದವರು, ದಾವಣಗೆರೆ

ಅಮ್ಮನಿಗೆ 58 ವರ್ಷ. ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಅಂದರೆ ಮೈಯ ರಕ್ಷಣಾ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದು ಊತ ತರುವ ಕಾಯಿಲೆ. ಅದಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ನಡೆಯುತ್ತಿದೆ. ಬೆರಳುಗಳು ಮೊದಲಿನ ಹಾಗೆ ಊದಿಕೊಳ್ಳುವುದಿಲ್ಲ. ಮೈಯೊಳಗೆ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆಗಳು, ಇಎಸ್‌ಆರ್, ಸಿಆರ್‌ಪಿ, ಎರಡೂ ಹತೋಟಿಯಲ್ಲಿವೆ ಅಂತ ಡಾಕ್ಟರ್ ಹೇಳುತ್ತಾರೆ. ಆದರೆ ನೋವು ಹಾಗೇ ಇದೆ. ಕೈ, ಮಂಡಿ, ಭುಜ, ಈಗ ಬೆನ್ನು ಕೂಡ ಸೇರಿಕೊಂಡಿದೆ. ರಾತ್ರಿ ನಿದ್ದೆ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಜಾಸ್ತಿಯಾಯಿತು ಅಂತ ನನ್ನ ಅಂದಾಜು.

ಹೋದ ಸಲ ಡಾಕ್ಟರ್, "ಟೆನ್ಶನ್ ಕೂಡ ಇದೆ, ಒಬ್ಬ ಸೈಕಾಲಜಿಸ್ಟ್ ಹತ್ತಿರ ಮಾತಾಡಿ" ಅಂದರು. ಆಟೋದಲ್ಲಿ ಅಮ್ಮ ಬಾಯಿ ಬಿಡಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಹಂಗಾದ್ರೆ ಇಷ್ಟು ದಿನ ನಾನು ನಾಟಕ ಮಾಡ್ತಿದ್ನಾ?" ಅಂದರು. ಮನಸ್ಸಿಗೂ ಗಂಟು ನೋವಿಗೂ ನಿಜವಾಗಿ ಸಂಬಂಧ ಇದೆಯಾ? ಇದ್ದರೆ ನೀವು ಏನು ಮಾಡಿದಿರಿ? ಅಮ್ಮನಿಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?

ಹುಬ್ಬಳ್ಳಿಯಿಂದ, ಇದೇ ಕಾಯಿಲೆ ಇರುವವರು

ತಂಗಿ, ನಿಮ್ಮ ಅವ್ವ ನಾಟಕ ಮಾಡುತ್ತಿಲ್ಲ. ಅದನ್ನು ಮೊದಲು ಅವರಿಗೆ ಹೇಳಿ. ಬೇರೆ ಎಲ್ಲ ಮಾತು ಆಮೇಲೆ.

ನನಗೆ ಈ ಕಾಯಿಲೆ ಬಂದಾಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದೆ. ನಮ್ಮ ಸೋದರತ್ತೆಗೂ ಇದೇ ಇತ್ತು. ಆಗ ನಮ್ಮೂರ ಕಡೆ ಈಗಿನ ಮಾತ್ರೆ ಕೊಡುವವರು ಇರಲಿಲ್ಲ. ಅವಳ ಬೆರಳು ಕಿರುಬೆರಳ ಕಡೆಗೆ ವಾಲಿ ಸೊಟ್ಟಗಾಗಿದ್ದವು. ತುತ್ತು ಕಲಸಲು ಆಗುತ್ತಿರಲಿಲ್ಲ. ಅದನ್ನು ನೋಡಿ ಬೆಳೆದವಳು ನಾನು. ನನಗೆ ರಿಪೋರ್ಟ್ ಬಂದ ದಿನದಿಂದ ಬೆಳಿಗ್ಗೆ ಎದ್ದ ಕೂಡಲೇ ಕೈ ಕಿಟಕಿ ಬೆಳಕಿಗೆ ಹಿಡಿದು ನೋಡುವುದು, ಉಂಗುರ ಹಾಕಿ ತೆಗೆದು ನೋಡುವುದು, ಇದೇ ಕೆಲಸ. ಉಂಗುರ ಸ್ವಲ್ಪ ಬಿಗಿ ಅನ್ನಿಸಿದರೆ ಆ ದಿನ ಮುಗಿಯಿತು. ಭುಜ, ಕುತ್ತಿಗೆ, ದವಡೆ ಎಲ್ಲ ಬಿಗಿ ಹಿಡಿಯುತ್ತಿತ್ತು. ಸಂಜೆಗೆ ನೋವು ಹತ್ತಕ್ಕೆ ಎಂಟು.

ನಮ್ಮ ಡಾಕ್ಟರ್ ಒಂದು ಸಲ ಪುರುಸೊತ್ತು ಮಾಡಿಕೊಂಡು ತೋರಿಸಿದರು. ಈ ಕಾಯಿಲೆಗೆ ಡಿಎಎಸ್28 ಅಂತ ಒಂದು ಲೆಕ್ಕ ಇದೆ. 28 ಕೀಲುಗಳನ್ನು ಒತ್ತಿ ನೋಡುತ್ತಾರೆ. ಊತ ಇರುವ ಕೀಲು ಎಷ್ಟು, ಒತ್ತಿದರೆ ನೋಯುವ ಕೀಲು ಎಷ್ಟು, ರಕ್ತದ ರಿಪೋರ್ಟ್ ಏನು, ಜೊತೆಗೆ ನಮಗೆ ಹೇಗನ್ನಿಸುತ್ತಿದೆ ಅಂತ ನಾವೇ ಕೊಡುವ ಮಾರ್ಕು. ನನಗೆ ಊತ ಇದ್ದ ಕೀಲು ಒಂದೆರಡು. ನೋಯುವ ಕೀಲು ಹೆಚ್ಚುಕಡಿಮೆ ಎಲ್ಲವೂ. ನಾನು ಕೊಟ್ಟ ಮಾರ್ಕು ತೀರಾ ಕೆಟ್ಟದು. "ನೋಡಿ, ಊತಕ್ಕೆ ಔಷಧಿ ಕೆಲಸ ಮಾಡಿದೆ. ನೋವಿಗೆ ಬೇರೆ ದಾರಿಯೂ ಇದೆ. ಲೆಕ್ಕ ಜಾಸ್ತಿ ಬಂತು ಅಂತ ಬರೀ ಮಾತ್ರೆ ಏರಿಸುತ್ತಾ ಹೋದರೆ ಹೊಟ್ಟೆ, ಲಿವರ್ ಹಾಳಾಗುತ್ತದೆ, ನೋವು ಇಳಿಯುವುದಿಲ್ಲ" ಅಂದರು.

ಈ ಮಾತಿನಲ್ಲಿ ಎಲ್ಲೂ "ನಿನ್ನ ತಲೆಯಲ್ಲಿದೆ" ಅನ್ನುವ ಧಾಟಿ ಇರಲಿಲ್ಲ ನೋಡಿ. ಹಾಗಾಗಿ ನಾನೂ ಒಪ್ಪಿದೆ. ನನಗೆ ಜಾಸ್ತಿ ಉಪಕಾರ ಆಗಿದ್ದು ನಿದ್ದೆ ಸರಿ ಮಾಡಿಕೊಂಡಿದ್ದು. ನಿದ್ದೆ ಕೆಟ್ಟರೆ ಮಾರನೇ ದಿನ ಅದೇ ಕೀಲು ಜಾಸ್ತಿ ನೋಯುತ್ತದೆ. ನಮ್ಮಂಥ ರೋಗಿಗಳನ್ನು ಅರ್ಧ ರಾತ್ರಿ ಎಚ್ಚರ ಇಟ್ಟು ಪರೀಕ್ಷೆ ಮಾಡಿಯೂ ನೋಡಿದ್ದಾರಂತೆ, ಅಲ್ಲೂ ಹಾಗೇ ಕಂಡಿದೆ. ನಾನು ಮಾಡಿದ್ದು ಇಷ್ಟೇ. ಮಧ್ಯಾಹ್ನದ ಉದ್ದ ನಿದ್ದೆ ಬಿಟ್ಟೆ. ರಾತ್ರಿ ಎಷ್ಟೇ ಕೆಟ್ಟದಾಗಿ ಹೋದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುತ್ತೇನೆ. ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡುವುದಿಲ್ಲ, ಎದ್ದು ಕುರ್ಚಿಯಲ್ಲಿ ಕೂರುತ್ತೇನೆ. ಮೊದಲ ವಾರ ಪ್ರಾಣ ಹೋದ ಹಾಗೆ ಆಗುತ್ತದೆ, ಸುಳ್ಳು ಹೇಳುವುದಿಲ್ಲ.

ಉಂಗುರ ತೆಗೆದು ಕಪಾಟಿನಲ್ಲಿ ಇಟ್ಟಿದ್ದೇನೆ.

ಶಿವಮೊಗ್ಗದಿಂದ

ನನ್ನದು ಸ್ವಲ್ಪ ಬೇರೆ ಮಾತು. ಮನಸ್ಸಿನ ವಿಷಯಕ್ಕೆ ಹೋಗುವ ಮುಂಚೆ ಮೈಯನ್ನು ಸರಿಯಾಗಿ ನೋಡಿಸಿ. ನಮ್ಮ ಚಿಕ್ಕಮ್ಮನಿಗೂ ರುಮಟಾಯ್ಡ್. ಕೈ ಜುಮ್ಮೆನ್ನುತ್ತದೆ, ತಲೆ ಬಗ್ಗಿಸಿದರೆ ಬೆನ್ನಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ ಅಂತ ಹೇಳುತ್ತಲೇ ಇದ್ದರು. ಒಂದು ಆಸ್ಪತ್ರೆಯಲ್ಲಿ "ಮಗನ ಮದುವೆ ಟೆನ್ಶನ್" ಅಂದುಬಿಟ್ಟರು. ಕೊನೆಗೆ ಬೇರೆ ಕಡೆ ಎಂಆರ್‌ಐ ಮಾಡಿಸಿದಾಗ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಮಧ್ಯದ ಕೀಲು ಸಡಿಲವಾಗಿ ನರಕ್ಕೆ ಒತ್ತುತ್ತಿತ್ತು. ಈ ಕಾಯಿಲೆ ಅಲ್ಲಿಗೂ ಹೋಗುತ್ತದೆ. ಹೆಂಗಸರು ನೋವು ಅಂದರೆ "ಟೆನ್ಶನ್" ಅನ್ನುವುದು ಸುಲಭ ಅಲ್ವಾ?

ನಿಮ್ಮಮ್ಮನಿಗೆ ಬೆನ್ನು ನೋವು ಹೊಸದು ಅಂದಿರಿ. ಅದನ್ನು ಯಾರಾದರೂ ನೋಡಿದ್ದಾರಾ? ಬೆಳಗಿನ ಬಿಗಿತ ಒಂದು ಗಂಟೆ ಮೀರಿ ಇರುತ್ತದಾ? ಜ್ವರ, ಒಂದೇ ಕೀಲು ಕೆಂಪಗಾಗಿ ಬಿಸಿಯಾಗುವುದು, ಕೈಕಾಲು ಶಕ್ತಿ ಕಡಿಮೆಯಾಗುವುದು, ಇವು ಯಾವುದಿದ್ದರೂ ಮೊದಲು ರುಮಟಾಲಜಿಸ್ಟ್ (ಈ ಕಾಯಿಲೆಯ ತಜ್ಞ ಡಾಕ್ಟರ್) ಹತ್ತಿರ ಹೋಗಿ. ಇನ್ನೊಂದು, ಇಎಸ್‌ಆರ್ ನಾರ್ಮಲ್ ಇದ್ದೂ ಕಾಯಿಲೆ ಒಳಗೆ ಚುರುಕಾಗಿರುವ ಜನ ಇದ್ದಾರೆ.

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್

ಶಿವಮೊಗ್ಗದವರು ಹೇಳಿದ ಕ್ರಮ ಸರಿ. ಅದು ಮುಗಿದ ಮೇಲೆ ನನ್ನ ಮಾತು ಓದಿ.

ನನ್ನ ಹತ್ತಿರ ಬರುವವರಲ್ಲಿ ಮಂಡಿ ಸವೆತದವರೇ ಜಾಸ್ತಿ. ಎಕ್ಸ್‌ರೇ ನೋಡಿ ಸವೆತವನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. ನಾಲ್ಕನೇ ಗ್ರೇಡ್ ಇದ್ದುಕೊಂಡು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವವರು ಇದ್ದಾರೆ. ಎರಡನೇ ಗ್ರೇಡ್ ಇದ್ದು ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯುವವರು ಇದ್ದಾರೆ. ಇಬ್ಬರ ನೋವೂ ನಿಜ. ಎಕ್ಸ್‌ರೇ ಮೂಳೆಯನ್ನು ತೋರಿಸುತ್ತದೆ, ನೋವನ್ನು ತೋರಿಸುವುದಿಲ್ಲ.

1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ಒಂದು ವಿಷಯ ಮುಂದಿಟ್ಟರು. ಕೀಲಿನಿಂದ ಹೊರಟ ಸುದ್ದಿ ನೇರವಾಗಿ ಮೆದುಳಿಗೆ ಹೋಗುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ಮೆದುಳಿನಿಂದ ಇಳಿದು ಬರುವ ಸೂಚನೆಯೂ ಆ ಗೇಟನ್ನು ತೆರೆಯುತ್ತದೆ, ಮುಚ್ಚುತ್ತದೆ ಅಂತ. ಆಮೇಲೆ ಅದರಲ್ಲಿ ತಿದ್ದುಪಡಿಗಳಾಗಿವೆ, ಮೂಲ ಮಾತು ಉಳಿದಿದೆ. ಭಯ, ನಿದ್ದೆಗೇಡು, ದುಃಖ, ಸಿಟ್ಟು ಇವೆಲ್ಲ ಅದನ್ನು ತೆರೆದಿಡುತ್ತವೆ. ವರ್ಷಗಟ್ಟಲೆ ನೋವು ಇದ್ದರೆ ನರಗಳೇ ಚುರುಕಾಗಿಬಿಡುತ್ತವೆ. ನಾನು ಪೇಷೆಂಟ್‌ಗಳಿಗೆ ಹೇಳುವುದು ಹೀಗೆ. ಒಮ್ಮೆ ಕಳ್ಳ ಬಂದು ಹೋದ ಮನೆಯ ನಾಯಿ ಆಮೇಲೆ ಹಾಲಿನವನಿಗೂ ಬೊಗಳುತ್ತದೆ. ಬೊಗಳುವುದು ಸುಳ್ಳಲ್ಲ. ಕಳ್ಳ ಇದ್ದಾನೆ ಅಂತಲೂ ಅಲ್ಲ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೋಸ್ಲಿ ಎಂಬ ಸರ್ಜನ್ ಮಾಡಿದ ಪರೀಕ್ಷೆ ನನಗೆ ಇಂದಿಗೂ ಆಶ್ಚರ್ಯ. ಮಂಡಿ ಸವೆತದ 180 ಜನ. ಕೆಲವರಿಗೆ ದುರ್ಬೀನು ಹಾಕಿ ಮಂಡಿ ಕೆರೆದು ಸ್ವಚ್ಛ ಮಾಡಿದರು, ಕೆಲವರಿಗೆ ತೊಳೆದರು, ಇನ್ನು ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿಗೆ ಹಾಕಿ ಕಳಿಸಿದರು. ತಮಗೆ ಆಗಿದ್ದು ಯಾವುದು ಅಂತ ಆ ರೋಗಿಗಳಿಗೆ ಗೊತ್ತಿರಲಿಲ್ಲ. ಎರಡು ವರ್ಷ ನೋಡಿದರೂ ನಿಜವಾದ ಆಪರೇಶನ್ ಆದವರ ನೋವು ಬರೀ ಹೊಲಿಗೆ ಬಿದ್ದವರಿಗಿಂತ ಕಡಿಮೆ ಇರಲಿಲ್ಲ. ಇದು 2002ರಲ್ಲಿ ಪ್ರಕಟವಾಯಿತು. ಮಂಡಿ ಬದಲಿಸುವ ಆಪರೇಶನ್ ಬೇರೆ, ಅದರ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ.

ಇನ್ನು ನಿಮ್ಮಮ್ಮನ ವಿಷಯ. ಅವರು ನಡೆಯುತ್ತಾರಾ?

ಕೇಳಿದವರು

ಇಲ್ಲ ಮೇಡಂ. "ನಡೆದರೆ ಇನ್ನೂ ಸವೆಯುತ್ತೆ" ಅಂತ ಹೆದರುತ್ತಾರೆ. ಆದರೆ ನೋವು ಕಡಿಮೆ ಇರುವ ದಿನ ಬೆಡ್‌ಶೀಟ್ ಒಗೆದು, ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು, ಸಂಜೆಗೆ ಮಲಗಿಬಿಡುತ್ತಾರೆ. ಆಮೇಲೆ ಮೂರು ದಿನ ಏಳುವುದಿಲ್ಲ. ಬೆನ್ನು ಈ ವಾರ ತೋರಿಸುತ್ತೇನೆ, ಶಿವಮೊಗ್ಗದ ಸರ್‌ಗೆ ಥ್ಯಾಂಕ್ಸ್.

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್

ಇದೇ ನಾನು ಅಂದುಕೊಂಡಿದ್ದು. ಹೆದರಿ ನಡೆಯದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ. ನೋವು ಜಾಸ್ತಿ, ಹೆದರಿಕೆ ಇನ್ನೂ ಜಾಸ್ತಿ. ಒಳ್ಳೆಯ ದಿನ ಸಿಕ್ಕಾಗ ಬಾಕಿ ತೀರಿಸುವ ಹಟ. ಎರಡೂ ಸೇರಿ ಮನುಷ್ಯನನ್ನು ಹಾಸಿಗೆಗೆ ಹಾಕುತ್ತವೆ.

ಕೆಲಸ ನಿಲ್ಲಿಸುವುದನ್ನು ನೋವಿಗೆ ಬಿಡಬೇಡಿ, ಗಡಿಯಾರಕ್ಕೆ ಬಿಡಿ. ಹತ್ತು ನಿಮಿಷಕ್ಕೆ ನೋವು ಶುರುವಾಗುತ್ತದೆ ಅಂದರೆ ಏಳು ನಿಮಿಷಕ್ಕೆ ನಿಲ್ಲಬೇಕು, ಚೆನ್ನಾಗಿದ್ದರೂ ಸರಿ. ಕೆಟ್ಟ ದಿನವೂ ಆ ಏಳು ನಿಮಿಷ ಆಗಬೇಕು, ಊತ ಬಂದು ಬಿಸಿಯಾಗಿದ್ದರೆ ಮಾತ್ರ ಬಿಡಿ. ವಾರವಾರ ಒಂದೊಂದು ನಿಮಿಷ ಏರಿಸಿ. ಡಬ್ಬಿಗಳು ಒಂದು ದಿನಕ್ಕೆ ನಾಲ್ಕು ಸಾಕು. ನಡೆದ ಮೇಲೆ ಸ್ವಲ್ಪ ನೋವು ಬಂದು ರಾತ್ರಿಯೊಳಗೆ ಇಳಿದರೆ ಹಾನಿ ಆಗಿಲ್ಲ ಅಂತ ಅರ್ಥ. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಮಾಡಿ ನೋಡಿದಾಗಲೇ ಹೆದರಿಕೆ ಕರಗುವುದು.

ತುಮಕೂರಿನಿಂದ

2006ರ ಚಿಕನ್‌ಗುನ್ಯಾ ನೆನಪಿದೆಯಾ? ನಮ್ಮ ಓಣಿಯಲ್ಲಿ ಮನೆಮನೆಗೂ ಬಂದಿತ್ತು. ಜ್ವರ ವಾರದಲ್ಲಿ ಹೋಯಿತು, ಮಣಿಕಟ್ಟು, ಕಾಲಿನ ನೋವು ತಿಂಗಳುಗಟ್ಟಲೆ ಉಳಿಯಿತು. ನನಗೂ, ಅಣ್ಣನಿಗೂ ಒಟ್ಟಿಗೇ ಬಂದಿದ್ದು. ಅವನು ಹೊಲಕ್ಕೆ ಹೋಗಲೇಬೇಕಿತ್ತು, ಕುಂಟುತ್ತಲೇ ಹೋದ. ನಾನು ಅಂಗಡಿ ಮುಚ್ಚಿ ಮನೆಯಲ್ಲಿ ಕೂತು ದಿನಾ ನೋವನ್ನೇ ಎಣಿಸುತ್ತಿದ್ದೆ. ಅವನು ಬೇಗ ಸುಧಾರಿಸಿಕೊಂಡ. ಇಬ್ಬರದೇ ಕಥೆ, ಇದರಿಂದ ಏನೂ ಸಾಬೀತಾಗುವುದಿಲ್ಲ, ಸುಮ್ನೆ ಹೇಳಿದೆ.

ಬೆಂಗಳೂರಿನಿಂದ, ಮಗ

ಮನೆಯವರ ಪಾತ್ರದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಮ್ಮ ತಟ್ಟೆ ಎತ್ತಲು ಹೋದರೆ ನಾವು ಮೂರು ಜನ ಓಡಿ ಬರುತ್ತಿದ್ದೆವು. "ಬಿಡಮ್ಮ, ನಾನ್ ಮಾಡ್ತೀನಿ." ಅವರು "ಅಯ್ಯೋ" ಅಂದರೆ ಟಿವಿ ಆಫ್, ಮುಲಾಮು, ಬಿಸಿನೀರು. ಅಯ್ಯೋ ಅನ್ನದ ದಿನ ಎಲ್ಲರೂ ಮೊಬೈಲ್ ಹಿಡಿದು ಕೂತಿರುತ್ತಿದ್ದೆವು. ಒಂದು ದಿನ ಅಮ್ಮ ಸಿಟ್ಟಿನಲ್ಲಿ, "ನಾನೇನು ಈ ಮನೇಲಿ ನೆಂಟಳಾ?" ಅಂದರು.

ಸೈಕಾಲಜಿಸ್ಟ್ ನಮ್ಮನ್ನೂ ಕೂರಿಸಿಕೊಂಡು ಮಾತಾಡಿದರು. ನೋವಿಗೆ ಸಿಗುವ ಗಮನ ನೋವಿಲ್ಲದ ಹೊತ್ತಿಗೂ ಸಿಗಲಿ, ಕೈಲಾಗುವ ಕೆಲಸ ಕಿತ್ತುಕೊಳ್ಳಬೇಡಿ ಅಂದರು. ಈಗ ಎತ್ತರದ ಸ್ಟೂಲ್ ಹಾಕಿದ್ದೇವೆ. ಒಗ್ಗರಣೆ ಅಮ್ಮನದು, ಕಾಯಿ ತುರಿಯುವುದು ಮಿಕ್ಸಿಯದು, ಕುಕ್ಕರ್ ಮುಚ್ಚಳ ತೆಗೆಯುವುದು ನನ್ನದು. ಇವತ್ತು ಏನು ಅಡುಗೆ ಅಂತ ತೀರ್ಮಾನ ಮಾಡುವುದು ಅಮ್ಮನೇ. ಅವರ ನೋವು ಹೋಗಿಲ್ಲ. ಆದರೆ ನೋವಿನ ಸುದ್ದಿ ಬಿಟ್ಟು ಬೇರೆ ಮಾತೂ ಮನೆಯಲ್ಲಿ ನಡೆಯುತ್ತದೆ.

ಹಾಗಂತ ಉಲ್ಟಾ ಹೊಡೆಯಬೇಡಿ. ನೋವು ಅಂದಾಗ ಮುಖ ತಿರುಗಿಸಿದರೆ ಇನ್ನೂ ಕೆಡುತ್ತದೆ.

ಪುತ್ತೂರಿನಿಂದ

ನಾನು ಕೌನ್ಸೆಲಿಂಗಿಗೆ ಹೋದವಳು, ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ನನಗೂ ಮೊದಲು ಅವಮಾನವೇ ಆದದ್ದು ಮಾರಾಯ್ರೆ. ಮದುವೆ ಮನೆಯಲ್ಲಿ ಒಬ್ಬರು "ನೋಡಲಿಕ್ಕೆ ಚೆನ್ನಾಗೇ ಉಂಟಲ್ಲ, ಎಂಥ ನೋವು?" ಅನ್ನುತ್ತಾರೆ, ಇನ್ನೊಬ್ಬರು ಬದನೆ ಬಿಡು, ಬಟಾಟೆ ಬಿಡು ಅಂತಾರೆ. ಅದರ ಮೇಲೆ ಡಾಕ್ಟರೂ ಮನಸ್ಸು ಅಂದರೆ ಹೇಗೆ?

ಕೌನ್ಸೆಲರ್ ಒಂದು ಹಾಳೆ ಕೊಟ್ಟರು. 13 ವಾಕ್ಯ ಇದ್ದವು. ನೋವು ಬಂದಾಗ ನಿಮ್ಮ ತಲೆಯಲ್ಲಿ ಏನು ಓಡುತ್ತದೆ ಅಂತ ಕೇಳುವ ವಾಕ್ಯಗಳು. ನೋವನ್ನೇ ಮತ್ತೆ ಮತ್ತೆ ಯೋಚಿಸುವುದು, ಏನೋ ದೊಡ್ಡದು ಆಗಿಬಿಡುತ್ತದೆ ಅನ್ನಿಸುವುದು, ನನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸುವುದು. 0ಯಿಂದ 4ರವರೆಗೆ ಗುರುತು ಹಾಕಬೇಕು. ಈ ಪಟ್ಟಿ ಕೆನಡಾದಲ್ಲಿ 1995ರಲ್ಲಿ ಮಾಡಿದ್ದಂತೆ. ಕಾಯಿಲೆ ಒಂದೇ ಮಟ್ಟದಲ್ಲಿದ್ದರೂ ಇದರಲ್ಲಿ ಹೆಚ್ಚು ಅಂಕ ಬಂದವರಿಗೆ ನೋವು ಹೆಚ್ಚು ಇರುತ್ತದೆ ಅಂದರು. ನನಗೆ ಎಲ್ಲದಕ್ಕೂ ಮೂರು, ನಾಲ್ಕು.

ಆಮೇಲೆ ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ಏನು ಯೋಚಿಸುತ್ತೀರಿ, ಬರೆಯಿರಿ ಅಂದರು. ಬರೆದೆ. ಮಂಡಿ ನೋಯುತ್ತಿದೆ. ನಾಳೆ ಬಸ್ ಹತ್ತಲಿಕ್ಕೆ ಆಗುವುದಿಲ್ಲ. ಕೆಲಸ ಹೋಗುತ್ತದೆ. ಹಾಸಿಗೆ ಹಿಡಿಯುತ್ತೇನೆ. ಮಕ್ಕಳಿಗೆ ಭಾರ. ಅವರು ಉಪದೇಶ ಮಾಡಲಿಲ್ಲ. "ಇದರಲ್ಲಿ ಈ ರಾತ್ರಿ ನಿಜವಾಗಿ ಆದದ್ದು ಯಾವುದು?" ಅಂತ ಕೇಳಿದರು. ಮೊದಲನೆಯದು ಮಾತ್ರ. ಆ ಹಾಳೆ ನನ್ನ ಪರ್ಸಿನಲ್ಲೇ ಇದೆ. ಉಸಿರಾಟದ ಅಭ್ಯಾಸ, ಒಂದೊಂದೇ ಸ್ನಾಯು ಬಿಗಿ ಮಾಡಿ ಸಡಿಲ ಬಿಡುವುದು, ಇವೂ ಇದ್ದವು. ನನಗೆ ಅವುಗಳಿಗಿಂತ ಹಾಳೆಯೇ ಹಿಡಿಸಿತು.

ನಿಮ್ಮಮ್ಮನಿಗೆ "ಮನಸ್ಸು" ಅನ್ನುವ ಶಬ್ದವೇ ಬೇಡ. "ನಿದ್ದೆ ಬರುವ ಹಾಗೆ ಮಾಡಿಕೊಳ್ಳೋಣ, ನೋವಿನ ಜೊತೆ ದಿನ ಹೇಗೆ ತೆಗೆಯುವುದು ಅಂತ ಕಲಿಸುವವರು ಇದ್ದಾರಂತೆ" ಅನ್ನಿ. ಸುಳ್ಳೇನಲ್ಲ, ಅದೇ ಅವರ ಕೆಲಸ. ತಂದೆಯವರು ಹೋದ ಮೇಲೆ ಜಾಸ್ತಿಯಾಯಿತು ಅಂದಿರಲ್ಲ, ಆ ದುಃಖದ ಬಗ್ಗೆ ಮನೆಯಲ್ಲಿ ಯಾರಾದರೂ ಮಾತಾಡಿದ್ದೀರಾ?

ಲೆಸ್ಟರ್‌ನಿಂದ, ನರ್ಸ್

ಇಲ್ಲಿ ಇಂಗ್ಲೆಂಡಿನಲ್ಲಿ ನೋವಿನವರಿಗೆ ಗುಂಪಿನ ತರಗತಿ ಇರುತ್ತದೆ. ಫಿಸಿಯೋ ಮತ್ತು ಸೈಕಾಲಜಿಸ್ಟ್ ಒಟ್ಟಿಗೆ ನಡೆಸುತ್ತಾರೆ. ಇಂಥ ಗುಂಪುಗಳಲ್ಲಿ ಮೊದಲು ಹೆಸರು ಮಾಡಿದ್ದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಎಂಬ ನರ್ಸ್ ಕಟ್ಟಿದ ಆರು ವಾರದ ಕೋರ್ಸ್. ಪಾಠ ಹೇಳುವವರಲ್ಲೂ ಹಲವರು ಆರ್ಥ್ರೈಟಿಸ್ ಇರುವವರೇ. ವ್ಯಾಯಾಮ ಜಾಸ್ತಿ ಮಾಡಿದವರಿಗೆ ನೋವು ಜಾಸ್ತಿ ಕಡಿಮೆಯಾಗಿರಬೇಕು ಅಂದುಕೊಂಡು ಲೋರಿಗ್ ಲೆಕ್ಕ ನೋಡಿದರು. ಅದಕ್ಕಿಂತ ಬಲವಾಗಿ ಹೊಂದಿಕೆಯಾಗಿದ್ದು "ಇದನ್ನು ನಾನು ನಿಭಾಯಿಸಬಲ್ಲೆ" ಅನ್ನುವ ಧೈರ್ಯ. ನಿಮ್ಮೂರಿನಲ್ಲಿ ಕೋರ್ಸ್ ಇಲ್ಲದಿದ್ದರೂ ಇದೇ ಕಾಯಿಲೆ ಇದ್ದು ಕೆಲಸ ಮಾಡಿಕೊಂಡಿರುವ ಇನ್ನೊಬ್ಬ ಹೆಂಗಸಿನ ಜೊತೆ ಅಮ್ಮನಿಗೆ ಮಾತಾಡಿಸಿ. ಹುಬ್ಬಳ್ಳಿ ಅಕ್ಕ ಇದ್ದಾರಲ್ಲ.

ಹಾಗೇ ಖಿನ್ನತೆ ಇದೆಯಾ ಅಂತ ನೋಡಿಸಿ. ಹಲವು ಅಧ್ಯಯನಗಳನ್ನು ಸೇರಿಸಿ 2013ರಲ್ಲಿ ನೋಡಿದಾಗ ರುಮಟಾಯ್ಡ್ ಇರುವವರಲ್ಲಿ ಸುಮಾರು 17% ಜನರಿಗೆ ಚಿಕಿತ್ಸೆ ಬೇಕಾಗುವಂಥ ಖಿನ್ನತೆ ಇತ್ತು. ಉರಿಯೂತದ ರಾಸಾಯನಿಕಗಳೇ ಮೆದುಳಿನ ಮೇಲೂ ಕೆಲಸ ಮಾಡಿ ಮಂಕು ಕವಿಸುತ್ತವೆ. ಹಾಗಾಗಿ ಮನಸ್ಸಿನಿಂದ ನೋವು ಅಂತಷ್ಟೇ ಅಲ್ಲ, ಕಾಯಿಲೆಯಿಂದಲೂ ಮನಸ್ಸು ಕುಗ್ಗುತ್ತದೆ.

ಕೇಳಿದವರು

ಎಲ್ಲ ಓದಿದೆ. ಒಂದು ಅನುಮಾನ. ಡಾಕ್ಟರ್ ಡುಲೋಕ್ಸೆಟಿನ್ ಅಂತ ಒಂದು ಮಾತ್ರೆ ಬರೆದಿದ್ದರು. ನೆಟ್‌ನಲ್ಲಿ ನೋಡಿದರೆ ಡಿಪ್ರೆಶನ್ ಮಾತ್ರೆ ಅಂತ ಬಂತು. ಅಮ್ಮ ಇನ್ನೂ ಶುರು ಮಾಡಿಲ್ಲ. ಅಭ್ಯಾಸವಾಗಿಬಿಡುತ್ತದಾ?

ಹಾಸನದಿಂದ, ಮೆಡಿಕಲ್ ಶಾಪ್ ನಡೆಸುವವರು

ಡಿಪ್ರೆಶನ್‌ಗೂ ಕೊಡುತ್ತಾರೆ, ನೋವಿಗೂ ಕೊಡುತ್ತಾರೆ. ಮಂಡಿ ಸವೆತ, ಬೆನ್ನು ನೋವಿನಂಥ ಹಳೇ ನೋವಿಗೆ ಅಮೆರಿಕದಲ್ಲಿ 2010ರಲ್ಲೇ ಒಪ್ಪಿಗೆ ಸಿಕ್ಕಿದೆ. ಮೆದುಳಿನಿಂದ ಇಳಿದು ಬರುವ ನೋವು ತಡೆಯುವ ದಾರಿಗೆ ಅದು ಬಲ ಕೊಡುತ್ತದೆ. ನಿದ್ದೆ ಮಾತ್ರೆಯ ಹಾಗೆ ಚಟ ಹತ್ತಿಸುವುದಿಲ್ಲ. ಆದರೆ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಮೊದಲ ದಿನಗಳಲ್ಲಿ ವಾಕರಿಕೆ ಇರಬಹುದು. ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು. ಟ್ರಮಡಾಲ್ ಅಥವಾ ಬೇರೆ ಪೆಯಿನ್ ಕಿಲ್ಲರ್ ತಗೊಳ್ಳುತ್ತಿದ್ದರೆ ಡಾಕ್ಟರ್‌ಗೆ ಮೊದಲೇ ಹೇಳಿ. ಮತ್ತೆ, ಮನಸ್ಸು ಅಂದರು ಅಂತ ಮೆಥೊಟ್ರೆಕ್ಸೇಟ್ ಬಿಡುವವರನ್ನು ನಾನು ಕೌಂಟರ್‌ನಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಬೆಂಗಳೂರಿನಿಂದ, ಮಗ

ಹೊರಗೆ ಹೋಗಲು ಅಮ್ಮ ಒಪ್ಪದಿದ್ದರೆ ಟೆಲಿ ಮಾನಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ನಂಬರ್ 14416. ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ಕೇಳಿದವರು

ಬೆನ್ನು ತೋರಿಸಿದ್ದಾಯಿತು. ಅಪಾಯದ್ದೇನಿಲ್ಲ, ಸ್ನಾಯು ಬಿಗಿತ ಅಂದರು. ಹುಬ್ಬಳ್ಳಿ ಅಕ್ಕನ ಉಂಗುರದ ಮಾತು ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಬಿಟ್ಟು, "ಅವ್ರನ್ನ ಕೇಳು, ಈಗ ರೊಟ್ಟಿ ಬಡಿತಾರಾ ಅಂತ" ಅಂದರು. ಸೈಕಾಲಜಿಸ್ಟ್ ಹತ್ತಿರ ಬರಲು ಒಪ್ಪಿದ್ದಾರೆ, ಆದರೆ ನಾನು ಒಳಗೆ ಕೂರಬಾರದಂತೆ. ಏನು ಮಾಡಲಿ?

ಹುಬ್ಬಳ್ಳಿಯಿಂದ

ಬಡಿಯುತ್ತೇನೆ ಅಂತ ಹೇಳಿ. ಒಂದು ಹೊತ್ತಿಗೆ ನಾಲ್ಕು. ಐದನೆಯದು ಯಜಮಾನರು ಲಟ್ಟಿಸುತ್ತಾರೆ, ದುಂಡಗೆ ಬರುವುದಿಲ್ಲ.

ಪುತ್ತೂರಿನಿಂದ

ಹೊರಗೇ ಕೂತುಕೊಳ್ಳಿ. ಮೊದಲ ಐದು ನಿಮಿಷ ಮಾತ್ರೆಗಳ ಪಟ್ಟಿ, ರಿಪೋರ್ಟ್ ಕೊಡಲಿಕ್ಕೆ ಒಳಗೆ ಹೋಗಿ, ಆಮೇಲೆ ಬಂದುಬಿಡಿ. ವಾಪಸ್ ಬರುವಾಗ ಏನು ಕೇಳಿದರು, ಏನು ಹೇಳಿದೆ ಅಂತ ಆಟೋದಲ್ಲಿ ಕೇಳಬೇಡಿ.